ಜ್ವಾಲಾಮುಖಿ ಯಾವಾಗ ಸಿಡಿಯುತ್ತೆ ಅಂತ ಹೇಳಕ್ಕಾಗಲ್ಲ ಅಂದ್ರೆ ನೀನು ಮಾಡೋದಾದ್ರೂ ಏನು?

ಇಲ್ಲ, ಹೇಳಕ್ಕಾಗಲ್ಲ. ತಾರೀಕು, ಗಂಟೆ ಹಾಕಿ ಹೇಳಕ್ಕಾಗಲ್ಲ. ಆಯ್ತಾ? ಜ್ವಾಲಾಮುಖಿಗಳ ಕೆಳಗೆ ಆಗೋ ಭೂಕಂಪಗಳ ಮೇಲೆ ಕೆಲಸ ಮಾಡ್ತೀನಿ ಅಂದ ತಕ್ಷಣ ಮೊದಲನೇ ಪ್ರಶ್ನೆ "ಯಾವಾಗ ಸಿಡಿಯುತ್ತೆ", ಎರಡನೇದು "ಹಂಗಾದ್ರೆ ಸಂಬಳ ಯಾಕ್ ಕೊಡ್ತಾರೆ". ಎರಡನೇದನ್ನ ನಗ್ತಾನೇ ಕೇಳ್ತಾರೆ, ಆದ್ರೆ ಉತ್ತರ ಬರೋವರೆಗೂ ಆ ನಗು ಇಳಿಯಲ್ಲ.

ಮಾಡೋದು ಇಷ್ಟು. ಬೆಟ್ಟದ ಸುತ್ತ ಸೀಸ್ಮೋಮೀಟರ್, ಅಂದ್ರೆ ನೆಲದ ನಡುಕವನ್ನ ಗೀಟಾಗಿ ತೋರಿಸೋ ಯಂತ್ರ, ಹೂತಿಟ್ಟಿರ್ತಾರೆ. ಅದರಲ್ಲಿ ಬರೋ ನಡುಕ ಎಲ್ಲಾ ಒಂದೇ ಥರ ಅಲ್ಲ. ಶಿಲಾರಸ ಜಾಗ ಮಾಡ್ಕೊಳ್ಳೋಕೆ ಒತ್ತಿದಾಗ ಬಂಡೆ ಪಟ್ ಅಂತ ಒಡೆಯೋದು ಒಂದು ಬಗೆ. ಬಿರುಕಿನೊಳಗೆ ಗ್ಯಾಸೋ ನೀರೋ ರಸವೋ ಸಿಕ್ಕಾಕ್ಕೊಂಡು ಗುಂಯ್ ಅನ್ನೋದು ಇನ್ನೊಂದು, ಮೂರು ದಿನಕ್ಕೊಂದ್ಸಲ ನೀರು ಬಿಡೋ ಊರಲ್ಲಿ ಬೆಳೆದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ನೀರು ಬರೋಕೆ ಮುಂಚೆ ನಲ್ಲಿ ಗೊರಗೊರ ಅಂತ ಗಾಳಿ ಉಗುಳುತ್ತಲ್ಲ, ಹೆಚ್ಚುಕಮ್ಮಿ ಹಂಗೆ. ಅದೇ ಗುಂಯ್ ನಿಲ್ಲದೆ ಗಂಟೆಗಟ್ಲೆ ನಡೆದ್ರೆ ಟ್ರೆಮರ್ ಅಂತೀವಿ. ಯಾವ ಬಗೆ, ಎಷ್ಟು ಆಳ, ಮೇಲಕ್ಕೆ ಬರ್ತಿದೆಯಾ, ನಿನ್ನೆಗಿಂತ ಜಾಸ್ತಿನಾ, ಇದನ್ನ ನೋಡೋದೇ ಕೆಲಸ.

ಇದನ್ನೆಲ್ಲ ಒಂದ್ಸಲ ತಿಪಟೂರಲ್ಲಿ ನಮ್ಮ ಸೋದರಮಾವನಿಗೆ ಅರ್ಧ ಗಂಟೆ ವಿವರಿಸಿದೆ. ಅವರು ಅಟ್ಟದ ಮೇಲೆ ಕೂತು ತೆಂಗಿನಕಾಯಿ ಒಂದೊಂದೇ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾ ಇದ್ರು, ಒಳಗೆ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟಿದ್ರೆ ಲೊಟಲೊಟ ಅನ್ನುತ್ತೆ. ಎಲ್ಲಾ ಕೇಳ್ಕೊಂಡು "ಅಲ್ಲ ಕಣಮ್ಮ, ಅಷ್ಟೆಲ್ಲ ಓದಿ, ಡೇಟ್ ಹೇಳಕ್ಕಾಗಲ್ವಾ?" ಅಂದ್ರು. ಕೈಲಿದ್ದ ಕಾಯಿ ಇನ್ನೂ ಆಗಿಲ್ಲ ಅಂತ ಪಕ್ಕಕ್ಕಿಟ್ರು. ಇದು ಯಾವತ್ತಿಗೆ ಆಗುತ್ತೆ ಮಾವ, ಅಂದೆ. "ಅದ್ ಹೆಂಗ್ ಹೇಳಕ್ಕಾಗುತ್ತೆ, ಕಾಯಿ ಒಳಗ್ ಕೂತಿದೀನಾ ನಾನು?" ಅಂತ ನನ್ ಮೇಲೇ ರೇಗಿದ್ರು! ಅತ್ತೆ ಕೆಳಗಿಂದ ನಕ್ಕಿದ್ದು ಕೇಳಿಸ್ತು. ಮಾವನಿಗೆ ಯಾಕೆ ನಗ್ತಿದಾರೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ಫಿಲಿಪ್ಪೀನ್ಸ್‌ನ ಪಿನಾಟುಬೊ ಸುಮಾರು 500 ವರ್ಷ ಸುಮ್ನಿದ್ದು 1991ರ ಜೂನ್ 15ಕ್ಕೆ ದೊಡ್ಡದಾಗಿ ಸಿಡಿಯೋ ಮುಂಚೆ ಇದೇ ಗೀಟುಗಳನ್ನ, ಗ್ಯಾಸನ್ನ ನೋಡಿ ಜನರನ್ನ ಎಬ್ಬಿಸಿ ಕಳಿಸಿದ್ರು, ಸಾವಿರಾರು ಜೀವ ಉಳೀತು. ಇದನ್ನ ಹೇಳಿದ್ರೆ "ಹೌದಾ" ಅಂತಾರೆ ಅಷ್ಟೆ. ಸಾಯದೇ ಇದ್ದೋರು ನ್ಯೂಸ್ ಅಲ್ಲ.

ಹೇಳಕ್ಕಾಗಿದ್ದು ಒಂದ್ಸಲ ಇದೆ, ಕೇಳಿ. 2018ರಲ್ಲಿ ಹವಾಯಿಯ ಕಿಲಾವೆಯಾದಲ್ಲಿ ಲಾವಾ ಶಿಖರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಮನೆಗಳ ಮಧ್ಯೆ ನೆಲ ಸೀಳಿಕೊಂಡು ಹರೀತು, 700ಕ್ಕೂ ಹೆಚ್ಚು ಮನೆ ಹೋದ್ವು. ಆ ಕಡೆ ರಸ ಖಾಲಿಯಾಗ್ತಾ ಆಗ್ತಾ ಈ ಕಡೆ ಶಿಖರದ ತಳ ಕುಸೀತಾ ಹೋಯ್ತು, ಒಂದೊಂದು ಕುಸಿತವೂ 5ರ ಆಸುಪಾಸಿನ ಭೂಕಂಪದಷ್ಟು. ಜೂನ್ ಜುಲೈ ಹೊತ್ತಿಗೆ ಅದಕ್ಕೊಂದು ಲಯ ಬಂದ್ಬಿಟ್ಟಿತ್ತು: ಸಣ್ಣ ಕಂಪನಗಳು ಗಂಟೆ ಗಂಟೆಗೂ ಜಾಸ್ತಿಯಾಗೋದು, ಧಡಾರ್, ಆಮೇಲೆ ಕೆಲವು ಗಂಟೆ ನಿಶ್ಶಬ್ದ, ಮತ್ತೆ ಶುರು. ನಾನಾಗ ಪಿಎಚ್‌ಡಿ ಮಾಡ್ತಾ ಬೇರೆ ಊರಲ್ಲಿ ಕೂತು ಡೇಟಾ ನೋಡ್ತಿದ್ದೆ, ಇವತ್ತು ರಾತ್ರಿಯೊಳಗೆ ಒಂದಾಗುತ್ತೆ ಅಂತ ರೂಮ್‌ಮೇಟ್‌ಗೆ ಹೇಳಿದ್ರೆ ಆಗ್ತಿತ್ತು. ಮಾವನ ಮುಂದೆ ಮೀಸೆ ತಿರುವೋ ಹಂಗಿತ್ತು, ಮೀಸೆ ಇಲ್ಲ ಅಷ್ಟೆ. ಹಂಗೆ 62 ಸಲ. ಆಗಸ್ಟ್ 2ರದ್ದು ಕೊನೇದು. 63ನೇದಕ್ಕೆ ನಾನು ಕಾಫಿ ಮಾಡ್ಕೊಂಡು ಕಾದು ಕೂತೆ, ಬರಲೇ ಇಲ್ಲ. ನಿಂತೇ ಹೋಯ್ತು, ನಿಲ್ಲುತ್ತೆ ಅಂತ ಯಾವ ಗೀಟೂ ನನಗೆ ಹೇಳಿರಲಿಲ್ಲ.

ಅದಕ್ಕೇ, ಯಾವಾಗ ಸಿಡಿಯುತ್ತೆ ಅಂತ ಕೇಳೋ ಬದಲು ಯಾರಾದ್ರೂ "ಸದ್ದೇ ಇಲ್ಲದಾಗ ನಿನಗೆ ಏನನ್ಸುತ್ತೆ" ಅಂತ ಕೇಳಬಾರದಾ. ಕೊಲಂಬಿಯಾದ ಗಲೆರಾಸ್ 1993ರ ಜನವರಿಯಲ್ಲಿ ಹೆಚ್ಚುಕಮ್ಮಿ ಸುಮ್ನಿತ್ತು. ಅಪರೂಪಕ್ಕೆ ಒಂದೊಂದು ವಿಚಿತ್ರ ಗೀಟು ಬರ್ತಿತ್ತು, ತಲೆ ದಪ್ಪ, ಆಮೇಲೆ ಒಂದೇ ಸ್ವರದಲ್ಲಿ ಉದ್ದಕ್ಕೆ ಸಣ್ಣಗಾಗ್ತಾ ಹೋಗೋ ಬಾಲ, ಥೇಟ್ ಸ್ಕ್ರೂ ಥರ, ಅದಕ್ಕೇ ಸ್ಪ್ಯಾನಿಷ್‌ನಲ್ಲಿ ಸ್ಕ್ರೂ ಅಂತಲೇ ಹೆಸರು, ಟೋರ್ನಿಯೋ. ಹಿಂದಿನ ಜುಲೈನ ಸ್ಫೋಟಕ್ಕೂ ಮುಂಚೆ ಬಂದಿತ್ತು ಅದು. ಜನವರಿ 14ಕ್ಕೆ ಪಕ್ಕದ ಪಾಸ್ತೋ ಊರಿಗೆ ಸಮ್ಮೇಳನಕ್ಕೆ ಬಂದಿದ್ದ ವಿಜ್ಞಾನಿಗಳು ಬಾಯೊಳಗೆ ಇಳಿದಿದ್ರು. ಸಿಡೀತು. 9 ಜನ ಸತ್ರು, ಅದರಲ್ಲಿ 6 ಜನ ನಮ್ಮ ಕಸುಬಿನೋರೇ. ಒಳಗೆ ಮುಚ್ಚಿಕೊಂಡು ಒತ್ತಡ ಕಟ್ಟಿಕೊಳ್ತಿದ್ರೂ ಹೊರಗೆ ಸುಮ್ನೆ ಕಾಣುತ್ತೆ, ನಿಜವಾಗಲೂ ಸುಮ್ನಾಗಿದ್ರೂ ಹಂಗೇ ಕಾಣುತ್ತೆ. ಗಿಜಿಗಿಜಿ ಅನ್ನೋ ದಿನ ನಾನು ಹಾಯಾಗಿ ಊಟ ಮಾಡ್ತೀನಿ, ಗೀಟು ನೆಟ್ಟಗಿದ್ದ ದಿನವೇ ರಾತ್ರಿ ಎದ್ದು ಲ್ಯಾಪ್‌ಟಾಪ್ ತೆಗೆಯೋದು.

ಈ ಸಲ ಊರಿಗೆ ಹೋದಾಗ ಅಟ್ಟ ಹತ್ತಿ ಮಾವನ್ನೇ ಕೇಳ್ಬೇಕು. ಒಳಗಿನ ನೀರು ಆರಿ ಕುಲುಕೋ ಸದ್ದು ನಿಂತಿರುತ್ತೆ, ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿರಲ್ಲ, ಎಷ್ಟು ಅಲ್ಲಾಡಿಸಿದ್ರೂ ಏನೂ ಕೇಳಿಸಲ್ಲ, ಅಂಥಾ ಕಾಯಿ ಕೈಗೆ ಬಂದ್ರೆ ನೀವೇನ್ ಮಾಡ್ತೀರಾ ಮಾವ ಅಂತ.