ಎರ್ರಗುಡಿಯ ಬಂಡೆ, ಗುಂತಕಲ್ಲಿನ ಬನ್ನಿ

ಬಳ್ಳಾರಿಯಿಂದ ಗುಂತಕಲ್ ಏನೂ ದೂರವಿಲ್ಲ. ಊರು ಆಂಧ್ರದ್ದು, ಆದರೆ ಚಿಕ್ಕಪ್ಪನ ಓಣಿಯಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗೋದಿಲ್ಲ. ದಸರೆಗೆ ಬಾ ಅಂತ ಕರೆದಿದ್ದರು. ಹಬ್ಬದ ಜೊತೆಗೆ ಎರ್ರಗುಡಿಯ ಅಶೋಕನ ಶಾಸನವನ್ನೂ ನೋಡಿ ಬರುವ ಆಸೆ ನನಗಿತ್ತು.

ಆಯುಧಪೂಜೆ ಚಿಕ್ಕಪ್ಪನ ವೆಲ್ಡಿಂಗ್ ಅಂಗಡಿಯಲ್ಲಿ. ಕಟಿಂಗ್ ಮಷಿನ್‌ಗೆ ವಿಭೂತಿ, ಸುತ್ತಿಗೆಗೂ ಚೆಂಡುಹೂವು. ಬೂದಗುಂಬಳದ ನೆತ್ತಿ ಕೊರೆದು, ಒಳಗೆ ಕುಂಕುಮ ಮತ್ತು ಚಿಲ್ಲರೆ ಕಾಸು ತುಂಬಿ, ಮೇಲೆ ಕರ್ಪೂರ ಹಚ್ಚಿ, ನಿವಾಳಿಸಿ ಬಾಗಿಲಲ್ಲಿ ಒಡೆದರು. ಕೆಂಪು ನೀರು ಮೆಟ್ಟಿಲವರೆಗೂ ಹರಿಯಿತು. ಕುರಿ-ಕೋಳಿಯ ಬದಲಿಗೆ ಬಂದ ಕಾಯಿ ಇದು ಅಂತಾರೆ ಹಿರಿಯರು. ಆಮೇಲೆ ಕೆಲಸದ ಹುಡುಗರಿಗೆ ಹೊಸ ಬಟ್ಟೆ, ಕವರಿನಲ್ಲಿ ಬೋನಸ್.

ಮರುದಿನ ವಿಜಯದಶಮಿ. ಬೆಳಗಾಗೋ ಮುಂಚೆಯೇ ಬೈಕಿನಲ್ಲಿ ಹೊರಟೆ. ಗುತ್ತಿಯಿಂದ ಪತ್ತಿಕೊಂಡದ ರಸ್ತೆ ಹಿಡಿಯಬೇಕು. ಈ ಕಡೆಯ ಜೊನ್ನಗಿರಿ ಸೀಮೆಯಲ್ಲಿ ಮುಂಗಾರು ಬಿದ್ದರೆ ಸಾಕು, ಜನ ವಜ್ರ ಹುಡುಕಲು ಹೊಲಕ್ಕೆ ಇಳಿಯುತ್ತಾರೆ. ಬಂಡೆಯ ಶಾಸನ ಪತ್ತೆಯಾಗಿದ್ದೂ ಭೂವಿಜ್ಞಾನಿಯೊಬ್ಬರ ಕಣ್ಣಿಗೇ, 1920ರ ದಶಕದ ಕೊನೆಯಲ್ಲಿ.

ಓರೆ ಬಿಸಿಲಿನಲ್ಲೇ ನೋಡಬೇಕು. ಸೂರ್ಯ ನೆತ್ತಿಗೆ ಬಂದರೆ ಬ್ರಾಹ್ಮಿ ಅಕ್ಷರಗಳು ಕಲ್ಲಿನೊಳಗೇ ಮುಳುಗಿಬಿಡುತ್ತವೆ. ಇಲ್ಲಿ ಅಶೋಕನ ದೊಡ್ಡ ಶಾಸನಗಳ ಜೊತೆ ಕಿರು ಶಾಸನವೂ ಇದೆ. ಕಿರು ಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ. ನೇಗಿಲು ಹೊಡೆದ ಹಾಗೆ. ಬರೆದವನಿಗೆ ಏನು ಅನ್ನಿಸಿತೋ! ಜನರನ್ನು ಭೇರಿ ಬಾರಿಸಿ ಸೇರಿಸಿ, ತಂದೆತಾಯಿಯ ಮಾತು ಕೇಳಲು ಹೇಳಿ ಅನ್ನುತ್ತದೆ ಅದು.

ನನಗೆ ಬೇಕಾಗಿದ್ದು ದೊಡ್ಡ ಶಾಸನಗಳಲ್ಲಿ ಒಂಬತ್ತನೆಯದು. ಕಾಯಿಲೆ ಬಂದರೆ, ಮದುವೆಯಾದರೆ, ಮಗು ಹುಟ್ಟಿದರೆ, ಪ್ರಯಾಣ ಹೊರಟರೆ ಜನ ಏನೇನೋ ಮಂಗಳಕಾರ್ಯ ಮಾಡುತ್ತಾರೆ, ಹೆಂಗಸರಂತೂ ಕೆಲಸಕ್ಕೆ ಬಾರದ ಶಾಸ್ತ್ರಗಳನ್ನು ಜಾಸ್ತಿ ಮಾಡುತ್ತಾರೆ ಅಂತ ರಾಜನ ತಕರಾರು. ಹಾಗಂತ ಬಿಡಿ ಅನ್ನುವುದಿಲ್ಲ. ಮಾಡಿ, ಫಲ ಮಾತ್ರ ಕಡಿಮೆ ಅನ್ನುತ್ತಾನೆ. ಹೆಚ್ಚು ಫಲ ಕೊಡುವುದು ಧರ್ಮದ ಮಂಗಳವಂತೆ: ಆಳುಕಾಳುಗಳನ್ನು ಚೆನ್ನಾಗಿ ನೋಡಿಕೊಳ್ಳುವುದು, ಹಿರಿಯರಿಗೆ ಗೌರವ, ಪ್ರಾಣಿಗಳ ಮೇಲೆ ಸಂಯಮ, ಬ್ರಾಹ್ಮಣರಿಗೂ ಶ್ರಮಣರಿಗೂ ದಾನ. ಅಲ್ಲೇ ನಿಂತು ನಗು ಬಂತು. ಕುಂಬಳಕಾಯಿ, ಹೊಸ ಬಟ್ಟೆ, ಬೋನಸ್ ಎಲ್ಲ ಕಣ್ಣ ಮುಂದೆ ಬಂದವು. ರಾಜ ಬೇರೆ ಬೇರೆ ಇಟ್ಟ ಎರಡನ್ನೂ ಚಿಕ್ಕಪ್ಪ ಒಂದೇ ಪೂಜೆಯಲ್ಲಿ ಮುಗಿಸಿದ್ದರು.

ಮಧ್ಯಾಹ್ನ ಹೋಳಿಗೆ ತಿನ್ನುತ್ತಾ ಚಿಕ್ಕಮ್ಮನಿಗೆ ಹೇಳಿದೆ. "ಹೌದೇನು? ಆ ರಾಜಗ ಹಬ್ಬದ ಅಡಿಗಿ ಯಾರು ಮಾಡಿ ಹಾಕ್ತಿದ್ರಂತ?" ಅಂದರು. ಇದಕ್ಕೆ ಬಂಡೆಯ ಮೇಲೆ ಉತ್ತರವಿಲ್ಲ.

ಸಂಜೆ ಬನ್ನಿ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತ ಎಲೆ ಕೊಟ್ಟು ದೊಡ್ಡವರ ಕಾಲು ಮುಟ್ಟುವುದು, ಹಳೆ ಮುನಿಸು ಬಿಡುವುದು. ಇದಕ್ಕೆ ಬಹಳ ಹತ್ತಿರದ ಆಚರಣೆ ಬೌದ್ಧರಲ್ಲೂ ಇದೆ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಒಂದೇ ಕಡೆ ಇರುತ್ತಾರೆ, ನಮ್ಮ ಚಾತುರ್ಮಾಸ್ಯದ ಹಾಗೆ. ಅದು ಮುಗಿಯುವಾಗ ಪವಾರಣ. ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಬರೀ ಅನುಮಾನ ಬಂದಿದ್ದರೂ ಹೇಳಿ ಅಂತ ಒಬ್ಬೊಬ್ಬರೂ ಸಂಘದ ಮುಂದೆ ಕೇಳಿಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಆಶ್ವಯುಜ ಹುಣ್ಣಿಮೆಗೆ, ಅಂದರೆ ದಸರಾ ಆದ ಕೆಲವೇ ದಿನಕ್ಕೆ. ಅದರ ಹಿಂದೆಯೇ ಕಠಿನ, ಗೃಹಸ್ಥರು ಭಿಕ್ಷುಗಳಿಗೆ ಬಟ್ಟೆ ಕೊಡುವ ಕಾಲ. ಬನ್ನಿ, ಪವಾರಣ ಎರಡರಲ್ಲಿ ಪವಾರಣವೇ ಕಷ್ಟದ್ದು ಅನ್ನಿಸುತ್ತದೆ. ಬನ್ನಿ ಕೊಟ್ಟು ಸುಮ್ನೆ ನಕ್ಕರೆ ನಡೆಯುತ್ತದೆ, ಅಲ್ಲಿ ಬಾಯಿಬಿಟ್ಟು ಕೇಳಬೇಕು. 1956ರಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ತಗೊಂಡಿದ್ದೂ ವಿಜಯದಶಮಿಯಂದೇ. ಅಶೋಕನ ನೆನಪಿಗೆ ಆ ದಿನ ಆರಿಸಿಕೊಂಡಿದ್ದರು.

ಪಕ್ಕದ ಮನೆಯವರ ಜೊತೆ ಚಿಕ್ಕಪ್ಪನಿಗೆ ಕಾಂಪೌಂಡಿನ ಜಗಳ, ಮಾತೇ ಬಿಟ್ಟಿದ್ದರು. ಚಿಕ್ಕಮ್ಮ ಎಲೆ ಕೈಗಿಟ್ಟು ತಳ್ಳಿದರು. ಆಚೆ ಮನೆಯವರು ಚಹಾ ಕೊಟ್ಟರು, ರೈಲು-ಮಳೆ ಎಲ್ಲ ಮಾತಾಡಿದರು. ಕಾಂಪೌಂಡಿನ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ. ವಾಪಸ್ ಬರುವಾಗ ಚಿಕ್ಕಪ್ಪ ಅಂದರು, "ಗೋಡಿ ವಿಷಯ ದೀಪಾವಳಿ ಆದಮ್ಯಾಲ ನೋಡೋಣ."