ಕಣ ಒಳಗೆ ಹೋದ ಮೇಲೆ

13 ಆಗಸ್ಟ್ 2024, ಮಂಗಳವಾರ

ಇಂದು ರೇಡಿಯೋಗ್ರಫಿ ಅಂತಿಮ ವರ್ಷದವರಿಗೆ ಕಾಂಟ್ರಾಸ್ಟ್ ಔಷಧಗಳ (ಸ್ಕ್ಯಾನ್ ಚಿತ್ರದಲ್ಲಿ ಒಳಗಿನ ಅಂಗಗಳು ಎದ್ದು ಕಾಣಲೆಂದು ಕೊಡುವ ಔಷಧಗಳ) ಪಾಠ ಮಾಡುವಾಗ ಸ್ಕ್ಯಾನಿಂಗಿಗೆ ಬಳಸುವ ನ್ಯಾನೊ ಕಣಗಳ ವಿಷಯ ಬಂದಿತು. "ಅಷ್ಟು ಸಣ್ಣ ಕಣವಾದರೆ ಮೂತ್ರದಲ್ಲೇ ಹೊರಗೆ ಹೋಗಿಬಿಡುತ್ತದಲ್ಲವೇ, ಮೇಡಂ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಈ ಔಷಧಗಳ ಸುರಕ್ಷತೆಯ ಬಹುಪಾಲು ಆ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿರುವುದರಿಂದ, ತರಗತಿಯಲ್ಲಿ ಅವಸರವಾಗಿ ಹೇಳಿದ್ದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮೂತ್ರಪಿಂಡದ ಜರಡಿ ನಾವು ಎಣಿಸುವುದಕ್ಕಿಂತ ಬಹಳ ಸೂಕ್ಷ್ಮ. ಸಿ.ಟಿ.ಗೆ ಕೊಡುವ ಅಯೋಡಿನ್ ಔಷಧವೂ ಎಂಆರ್‌ಐಗೆ ಕೊಡುವ ಗ್ಯಾಡೊಲಿನಿಯಂ ಔಷಧವೂ ಬಿಡಿ ಅಣುಗಳಾಗಿ ಕರಗಿರುವುದರಿಂದ, ಕಿಡ್ನಿ ಸರಿಯಿದ್ದವರಲ್ಲಿ ಬಹುಮಟ್ಟಿಗೆ ಒಂದು ದಿನದೊಳಗೆ ಹೊರಬೀಳುತ್ತವೆ. ಕಣಗಳ ವಿಚಾರ ಬೇರೆ. ಕ್ವಾಂಟಂ ಡಾಟ್ ಎಂಬ, ಬೆಳಕು ಸೂಸುವ ಅತಿಸೂಕ್ಷ್ಮ ಹರಳುಗಳನ್ನು ಇಲಿಗಳಿಗೆ ಚುಚ್ಚಿ ನೋಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸುಮಾರು 5.5 ನ್ಯಾನೊಮೀಟರಿಗಿಂತ (ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಸಣ್ಣವು ಮಾತ್ರ ಬೇಗನೆ ಮೂತ್ರಕ್ಕೆ ಇಳಿದವು. ಅದಕ್ಕಿಂತ ದೊಡ್ಡವು ರಕ್ತದ ಪ್ರೋಟೀನುಗಳನ್ನು ಮೈಗೆ ಮೆತ್ತಿಕೊಂಡು ಸುತ್ತಾಡಿ, ಕಡೆಗೆ ಯಕೃತ್ತು, ಗುಲ್ಮ (ಸ್ಪ್ಲೀನ್), ಅಸ್ಥಿಮಜ್ಜೆಗಳಲ್ಲಿರುವ, ಹೊರಗಿನ ವಸ್ತುಗಳನ್ನು ನುಂಗುವ ಭಕ್ಷಕ ಕೋಶಗಳ ಪಾಲಾಗುತ್ತವೆ. ಆ ಕೋಶದೊಳಗೆ ಕಣ ಕರಗುತ್ತದೆಯೇ, ಕರಗಿದರೆ ಏನಾಗುತ್ತದೆ, ಕರಗದಿದ್ದರೆ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಚಿತ್ರದ ಸ್ಪಷ್ಟತೆಗಿಂತ ಮೊದಲು ಕೇಳಬೇಕು.

ಕೇಳಿಯೂ ಕಿವಿಗೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಥೋರೊಟ್ರಾಸ್ಟ್ ಸಾಕ್ಷಿ. 1930ರ ದಶಕದ ಆರಂಭದಲ್ಲಿ ಜರ್ಮನಿಯಿಂದ ಮಾರುಕಟ್ಟೆಗೆ ಬಂದ ಈ ಔಷಧ, ನ್ಯಾನೊ ಗಾತ್ರದ ಥೋರಿಯಂ ಡೈಆಕ್ಸೈಡ್ ಕಣಗಳು ಕರಗದೆ ತೇಲುತ್ತಿದ್ದ ದ್ರವ, ಅಂದರೆ ಕಲಿಲ. ಥೋರಿಯಂ ಪರಮಾಣು ಸಂಖ್ಯೆ 90 ಇರುವ ಭಾರವಾದ ಧಾತುವಾದುದರಿಂದ ಅದು ಎಕ್ಸ್-ರೇಯನ್ನು ಚೆನ್ನಾಗಿ ತಡೆಯುತ್ತಿತ್ತು. ಅಂದಿನ ಅಯೋಡಿನ್ ದ್ರಾವಣಗಳು ರಕ್ತನಾಳದಲ್ಲಿ ಉಂಟುಮಾಡುತ್ತಿದ್ದ ಉರಿಯೂ ಇದರಿಂದ ಆಗುತ್ತಿರಲಿಲ್ಲ. ಲಿಸ್ಬನ್ನಿನಲ್ಲಿ ಮಿದುಳಿನ ಆಂಜಿಯೋಗ್ರಫಿಯನ್ನು (ರಕ್ತನಾಳಗಳ ಎಕ್ಸ್-ರೇ ಚಿತ್ರಣವನ್ನು) ಆರಂಭಿಸಿದ ವೈದ್ಯ ಎಗಾಸ್ ಮೊನಿಜ್ ಕೂಡ ಅದನ್ನು ಬಳಸಿದರು. ಥೋರಿಯಂ ವಿಕಿರಣಶೀಲವೆಂಬುದು ಎಲ್ಲರಿಗೂ ತಿಳಿದೇ ಇತ್ತು, 1932ರಲ್ಲೇ ಅಮೆರಿಕದ ವೈದ್ಯಕೀಯ ಸಂಘದ ಮಂಡಳಿ ಎಚ್ಚರಿಕೆಯನ್ನೂ ಕೊಟ್ಟಿತ್ತು. ಆದರೆ ಚುಚ್ಚಿದ ದಿನ ಯಾರಿಗೂ ಏನೂ ಆಗುತ್ತಿರಲಿಲ್ಲವಾದ್ದರಿಂದ ಬಳಕೆ 1950ರ ದಶಕದವರೆಗೂ ನಡೆಯಿತು. ಕರಗದ ಆ ಕಣಗಳು ಯಕೃತ್ತಿನಲ್ಲೇ ನೆಲೆಸಿ ಆಲ್ಫಾ ವಿಕಿರಣವನ್ನು ಸೂಸುತ್ತಿದ್ದವು. ಇಪ್ಪತ್ತು ಮೂವತ್ತು ವರ್ಷಗಳ ಬಳಿಕ ಯಕೃತ್ತಿನ ರಕ್ತನಾಳಗಳ ಕ್ಯಾನ್ಸರ್, ಪಿತ್ತನಾಳದ ಕ್ಯಾನ್ಸರ್, ರಕ್ತದ ಕ್ಯಾನ್ಸರ್ ಒಂದೊಂದಾಗಿ ಕಾಣಿಸಿಕೊಂಡವು. ಪಠ್ಯದಲ್ಲಿರುವ ಅಂಥ ರೋಗಿಯೊಬ್ಬರ ಹೊಟ್ಟೆಯ ಎಕ್ಸ್-ರೇಯನ್ನು ಇಂದು ಪರದೆಯ ಮೇಲೆ ತೋರಿಸಿದೆ. ಅದು ಕಾಂಟ್ರಾಸ್ಟ್ ಕೊಡದೆ ತೆಗೆದ ಚಿತ್ರ. ಆದರೂ ಕುಗ್ಗಿದ ಗುಲ್ಮ ಹರಳು ಹರಳಾಗಿ ಅಚ್ಚಬಿಳಿಯಾಗಿ ಕಾಣುತ್ತದೆ, ಯಕೃತ್ತಿನ ತುಂಬ ಬಿಳಿ ಗೆರೆಗಳು ಹರಡಿವೆ. ಎಂದೋ ಒಮ್ಮೆ ಕೊಟ್ಟ ಔಷಧ ಅದು. ತರಗತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಬ್ಬಿಣದ ಆಕ್ಸೈಡ್ ಕಣಗಳ ಹಾದಿ ಇದಕ್ಕಿಂತ ಎಷ್ಟೋ ಮೇಲು. ಸಕ್ಕರೆ ಜಾತಿಯ ಹೊದಿಕೆಯಿರುವ ಫೆರುಮಾಕ್ಸಿಟಾಲ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಅನುಮತಿ ಕೊಟ್ಟದ್ದು ಕಿಡ್ನಿ ಕಾಯಿಲೆಯವರ ರಕ್ತಹೀನತೆಗಾಗಿ. ಗ್ಯಾಡೊಲಿನಿಯಂ ಕೊಡಲು ಹಿಂಜರಿಯುವಂಥ ರೋಗಿಗಳಿಗೆ ವೈದ್ಯರು ಎಂಆರ್‌ಐಯಲ್ಲೂ ಅದನ್ನು ಬಳಸಿದರು. ಭಕ್ಷಕ ಕೋಶದಲ್ಲಿ ಅದು ಕರಗಿ, ಅದರ ಕಬ್ಬಿಣ ದೇಹದ ದಾಸ್ತಾನಿಗೆ ಸೇರಿ ಹಿಮೋಗ್ಲೋಬಿನ್ ಆಗುತ್ತದೆ. ಹಾಗೆಂದು ಅದು ಎಲ್ಲರಿಗೂ ನಿರಪಾಯಕಾರಿ ಎನ್ನಲಾಗದು. ಒಂದು ಸೀಸೆಯಲ್ಲಿರುವ ಕಬ್ಬಿಣ 510 ಮಿಲಿಗ್ರಾಂ. ನಾವು ಆಹಾರದಿಂದ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ, ಹೆಚ್ಚಾದದ್ದನ್ನು ಹೊರಹಾಕುವ ವ್ಯವಸ್ಥೆಯೂ ದೇಹಕ್ಕಿಲ್ಲ. ಪದೇಪದೇ ರಕ್ತ ಹಾಕಿಸಿಕೊಂಡು ಕಬ್ಬಿಣ ಮಿತಿಮೀರಿರುವ ಥಲಸ್ಸೀಮಿಯಾ ರೋಗಿಗೆ ಇದು ಸಲ್ಲದು. ಇದಕ್ಕಿಂತ ತುರ್ತಾದದ್ದು ಅಲರ್ಜಿಯ ಅಪಾಯ. ಕೆಲವರ ಪ್ರಾಣಕ್ಕೇ ಎರವಾದ ಪ್ರತಿಕ್ರಿಯೆಗಳು ವರದಿಯಾದ ಮೇಲೆ 2015ರಲ್ಲಿ ಎಫ್‌ಡಿಎ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಸೇರಿಸಿತು: ಒಮ್ಮೆಲೇ ಚುಚ್ಚದೆ ಕನಿಷ್ಠ 15 ನಿಮಿಷ ಡ್ರಿಪ್‌ನಲ್ಲಿ ಕೊಡಬೇಕು, ಆಮೇಲೆ ಕನಿಷ್ಠ 30 ನಿಮಿಷ ರೋಗಿಯ ಮೇಲೆ ಕಣ್ಣಿಟ್ಟಿರಬೇಕು.

ನಮ್ಮಲ್ಲೂ 2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿದೆ. ಅದು ಬೇಕಿತ್ತು. ಆದರೆ ಮಾರ್ಗಸೂಚಿ ಅನುಮತಿಯ ಹಂತವನ್ನು ಕಾಯುತ್ತದೆ. ಅನುಮತಿಯ ನಂತರದ ವರ್ಷಗಳನ್ನು ಕಾಯಬೇಕಾದವರು ಸ್ಕ್ಯಾನಿಂಗ್ ಕೋಣೆಯಲ್ಲಿರುವ ನಾವು. ಫೆರುಮಾಕ್ಸಿಟಾಲ್ ಕೊಟ್ಟ ಮೂರು ತಿಂಗಳವರೆಗೂ ಎಂಆರ್‌ಐ ಚಿತ್ರ ಬದಲಾಗಿ ಕಾಣಬಹುದು. ಅಷ್ಟರೊಳಗೆ ಆ ರೋಗಿ ಬೇರೆ ಊರಿನಲ್ಲಿ ಸ್ಕ್ಯಾನ್ ಮಾಡಿಸಿದರೆ, ಹಿಂದೆ ಏನು ಕೊಟ್ಟಿದ್ದರೆಂದು ತಿಳಿಯದ ವೈದ್ಯರು ಯಕೃತ್ತಿನಲ್ಲಿ ಇಲ್ಲದ ಕಾಯಿಲೆಯನ್ನು ಊಹಿಸಬಹುದು. ನಾನು ನೋಡುವ ಎಷ್ಟೋ ವರದಿಗಳಲ್ಲಿ "ಕಾಂಟ್ರಾಸ್ಟ್ ಕೊಡಲಾಗಿದೆ" ಎಂಬಷ್ಟೇ ಇರುತ್ತದೆ. ಔಷಧದ ಹೆಸರು, ಪ್ರಮಾಣ, ಬ್ಯಾಚ್ ಸಂಖ್ಯೆ, ಕೊಟ್ಟ ದಿನ, ಈ ನಾಲ್ಕನ್ನೂ ರೋಗಿಯ ಕೈಗೆ ಹೋಗುವ ಹಾಳೆಯಲ್ಲೇ ನಮೂದಿಸುವ ಕಲಂ ಬೇಕೆಂದು ಸಂಜೆ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದಿದ್ದೇನೆ. ನಾಳೆ ಬೆಳಿಗ್ಗೆ ಕೊಡುತ್ತೇನೆ.