ಪಾತ್ರಧಾರಿ ರೋಗಿಗಳು: ಜೂನ್‌ನಿಂದ ಈವರೆಗಿನ ಕೆಲಸ

ಜೂನ್

ಶಿವಮೊಗ್ಗದ ನಮ್ಮ ಹವ್ಯಾಸಿ ತಂಡ ಈ ವರ್ಷ ಹೊಸ ನಾಟಕ ಕೈಗೆತ್ತಿಕೊಂಡಿಲ್ಲ. ಸಂಜೆಯ ತಾಲೀಮಿನ ಹೊತ್ತನ್ನು ಬೇರೆ ಕೆಲಸಕ್ಕೆ ಕೊಟ್ಟಿದ್ದೇವೆ. ವೈದ್ಯಕೀಯ ಕಾಲೇಜೊಂದರಲ್ಲಿ ಎಂಬಿಬಿಎಸ್ ಓದು ಮುಗಿಸಿ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳ ಎದುರು ರೋಗಿಗಳಾಗಿ ಕೂರುತ್ತೇವೆ, ಅವರು ಮಾತಾಡಿಸಿದ್ದು ನಮಗೆ ಹೇಗೆ ತಟ್ಟಿತು ಎಂದು ಆಮೇಲೆ ಅವರಿಗೇ ಹೇಳುತ್ತೇವೆ. ಇದನ್ನು ಕೇಳಿಕೊಂಡು ಬಂದವರು ಅಲ್ಲಿನ ಕಮ್ಯುನಿಟಿ ಮೆಡಿಸಿನ್ ವಿಭಾಗದ ಒಬ್ಬ ಮೇಡಂ. ನಮ್ಮ ನಾಟಕಗಳಿಗೆ ತಪ್ಪದೆ ಬರುವವರು.

2019ರಿಂದ ಎಂಬಿಬಿಎಸ್ ಸೇರಿದವರಿಗೆಲ್ಲ ‘ಎಟ್‌ಕಾಮ್’ ಪಾಠ ಇದೆ. ವೈದ್ಯರ ನಡವಳಿಕೆ, ನೀತಿ, ಮಾತುಕತೆ ಮೂರನ್ನೂ ಸೇರಿಸಿ ಆಗಿನ ಮೆಡಿಕಲ್ ಕೌನ್ಸಿಲ್ ರೂಪಿಸಿದ್ದು. ಆದರೆ ಅಭ್ಯಾಸ ಮಾಡುವಾಗ ರೋಗಿಯಾಗಿ ಕೂರುವವರು ಸಹಪಾಠಿಗಳೇ. ‘ಎರಡು ವಾರದಿಂದ ಕೆಮ್ಮು, ಸಂಜೆ ಜ್ವರ, ತೂಕ ಇಳಿದಿದೆ’ ಎಂದು ಪುಸ್ತಕದ ಕ್ರಮದಲ್ಲೇ ಹೇಳಿಬಿಡುತ್ತಾರೆ. ಓಪಿಡಿಗೆ ಬರುವ ಯಾರೂ ಹಾಗೆ ಹೇಳುವುದಿಲ್ಲ. ಮೊದಲು ಮಗಳ ಮದುವೆಯ ವಿಷಯ ಬರುತ್ತದೆ, ಆಮೇಲೆ ಊಟ ಸೇರದ ವಿಷಯ, ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಕಫದಲ್ಲಿ ರಕ್ತ ಬಂದದ್ದು. ಇದಕ್ಕೆ ಹೊರಗಿನವರೇ ಬೇಕು ಎಂದು ಮೇಡಂ ಹಟ ಹಿಡಿದರು. ಅವರ ಹಟ ನ್ಯಾಯವಾದದ್ದೇ.

ನಟರನ್ನು ರೋಗಿಗಳಾಗಿ ಕೂರಿಸುವುದು ಹೊಸ ಯೋಚನೆಯಲ್ಲ. ಅಮೆರಿಕದ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ 1963ರಲ್ಲೇ ಶುರು ಮಾಡಿದ್ದರು. ಇವತ್ತು ಎಷ್ಟೋ ದೇಶಗಳಲ್ಲಿ ವೈದ್ಯರ ಪರೀಕ್ಷೆಗಳೇ ಹೀಗೆ ನಡೆಯುತ್ತವೆ.

ಜುಲೈ

ಮಳೆ ಜೋರಾಗಿದ್ದ ದಿನಗಳು. ತಂಡದವರೆಲ್ಲ ಕೂತು ಪಾತ್ರದ ಕಾರ್ಡುಗಳನ್ನು ಬರೆದೆವು. ಒಂದೊಂದು ಕಾರ್ಡಿನಲ್ಲೂ ಮೂರು ಭಾಗ: ಕೇಳದೆಯೇ ಹೇಳುವುದು, ಕೇಳಿದರೆ ಹೇಳುವುದು, ನಂಬಿಕೆ ಹುಟ್ಟಿದರೆ ಮಾತ್ರ ಹೇಳುವುದು. ಕಾಯಿಲೆಯ ವಿವರಗಳನ್ನು ಮೇಡಂ ತಿದ್ದಿದರು. ಬದುಕಿನ ವಿವರಗಳು ನಮ್ಮವು.

ಇನ್ಸುಲಿನ್ ಶುರುವಾಗಬೇಕಾದ ಹಿರಿಯರ ಪಾತ್ರದಲ್ಲಿ ಮೂರನೇ ಭಾಗಕ್ಕೆ ಹೀಗೆ ಬರೆದೆವು: ‘ಸೂಜಿ ಹಾಕಿದರು ಅಂದರೆ ಕೊನೆ ಹತ್ತಿರ ಬಂತು ಎಂದೇ ನನ್ನ ಲೆಕ್ಕ. ನಮ್ಮಣ್ಣನಿಗೂ ಹಾಗೇ ಆಯಿತು.’ ಸಕ್ಕರೆ ಕಾಯಿಲೆಯವರ ಮನೆಗಳಲ್ಲಿ ಈ ಭಯ ಎಷ್ಟು ಸಾಮಾನ್ಯ ಎಂದು ಕಾರ್ಡು ಬರೆಯುವಾಗಲೇ ಗೊತ್ತಾಯಿತು. ಕೂತಿದ್ದವರಲ್ಲಿ ಅರ್ಧ ಜನ ಅದೇ ಮಾತನ್ನು ತಮ್ಮ ಮನೆಯಲ್ಲಿ ಕೇಳಿದ್ದರು.

ತಾಲೀಮಿನಲ್ಲಿ ಹೆಚ್ಚು ಕಷ್ಟವಾದದ್ದು ಅಭಿನಯ ಕಡಿಮೆ ಮಾಡುವುದು. ಕೊನೆಯ ಸಾಲಿನವರೆಗೂ ಕೇಳಿಸಬೇಕು ಎಂದು ವರ್ಷಗಟ್ಟಲೆ ರೂಢಿ ಮಾಡಿಕೊಂಡವರು ನಾವು. ಇಲ್ಲಿ ಪ್ರೇಕ್ಷಕ ಒಬ್ಬನೇ, ಅದೂ ಮೇಜಿನ ಆಚೆಗೆ. ಕೆಮ್ಮನ್ನು ಅರ್ಧಕ್ಕರ್ಧ ಇಳಿಸಿದೆವು.

ಇನ್ನೊಂದು ಕಟ್ಟುಪಾಡು: ಯಾವ ಪಾತ್ರ ಯಾರಿಗೆ ಬೇಡ ಎಂದು ಮೊದಲೇ ಕೇಳುತ್ತೇವೆ. ಮನೆಯಲ್ಲಿ ಕ್ಯಾನ್ಸರಿನ ಸಾವು ಕಂಡವರಿಗೆ ಆ ಪಾತ್ರ ಕೊಡುವುದಿಲ್ಲ. ಮುಗಿದ ಮೇಲೆ ಎಲ್ಲರೂ ತಮ್ಮ ಸ್ವಂತ ಹೆಸರು ಹೇಳಿ, ಚಹಾ ಕುಡಿದು, ಪಾತ್ರ ಕಳಚಿಯೇ ಮನೆಗೆ ಹೊರಡಬೇಕು.

ಆಗಸ್ಟ್

ಈ ತಿಂಗಳು ಒಂದು ನಿಯಮ ಸೇರಿಸಿದೆವು. ಇಡೀ ಯೋಜನೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿರುವುದು ಇದೇ.

ಡಾಕ್ಟರು ‘ಅರ್ಥ ಆಯ್ತಾ?’ ಎಂದು ಕೇಳಿದರೆ ಪಾತ್ರಧಾರಿ ‘ಆಯ್ತು ಡಾಕ್ಟ್ರೇ’ ಅನ್ನಬೇಕು. ಅರ್ಥ ಆಗಿರಲಿ, ಬಿಡಲಿ, ಉತ್ತರ ಅದೊಂದೇ. ನಿಜವಾದ ರೋಗಿಗಳು ಮಾಡುವುದೂ ಅದನ್ನೇ. ಹೊರಗೆ ಜನ ಕಾಯುತ್ತಿದ್ದಾರೆ, ಎದುರಿಗೆ ಓದಿದವರು ಕೂತಿದ್ದಾರೆ, ಇಲ್ಲ ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ತಿಳಿದದ್ದನ್ನು ರೋಗಿಯ ಬಾಯಿಂದಲೇ ಹೇಳಿಸಿದಾಗ ಮಾತ್ರ ತಪ್ಪು ತಿಳಿವಳಿಕೆ ಹೊರಗೆ ಬರಬೇಕು.

ಕ್ಷಯದ ಪಾತ್ರದಲ್ಲಿ ಇದು ಚೆನ್ನಾಗಿ ಕಂಡಿತು. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ಮೂವತ್ನಾಲ್ಕರ ಹೆಂಗಸು, ಕಫದ ಪರೀಕ್ಷೆಯಲ್ಲಿ ಕ್ಷಯ ಎಂದು ಬಂದಿದೆ. ಎದುರಿಗಿದ್ದ ಹುಡುಗ ಒಳ್ಳೆಯವನು, ಮೃದು ಮಾತಿನವನು. ಆರು ತಿಂಗಳ ಚಿಕಿತ್ಸೆ, ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು, ಪೌಷ್ಟಿಕ ಆಹಾರಕ್ಕೆ ಸರ್ಕಾರದಿಂದ ತಿಂಗಳಿಗೆ 1,000 ರೂಪಾಯಿ ಎಂದು ಎಲ್ಲ ಸರಿಯಾಗಿ ಹೇಳಿದ. ‘ಅರ್ಥ ಆಯ್ತಾ ಅಮ್ಮಾ?’ ಎಂದ. ‘ಆಯ್ತು ಡಾಕ್ಟ್ರೇ’ ಎಂದಳು ನಮ್ಮಾಕೆ.

ಪಾತ್ರದಿಂದ ಹೊರಬಂದ ಮೇಲೆ ಆಕೆ ಹೇಳಿದ್ದು: ‘ಮಾತ್ರೆ ತಗೊಂಡ ಮೇಲೆ ಮೂತ್ರ ಕೆಂಪಗೆ ಹೋದ್ರೆ ನಾನು ರಕ್ತ ಅಂತ ಹೆದರಿ ಮಾತ್ರೆ ಬಿಟ್ಬಿಡ್ತೀನಿ.’ ಆ ಔಷಧಿಗಳಲ್ಲೊಂದಾದ ರಿಫಾಂಪಿಸಿನ್ ತೆಗೆದುಕೊಂಡವರ ಮೂತ್ರ, ಬೆವರು, ಕಣ್ಣೀರು ಕಿತ್ತಳೆಗೆಂಪಾಗುತ್ತದೆ, ಅದರಿಂದ ತೊಂದರೆ ಇಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ಆ ಹುಡುಗ ತಕ್ಷಣ ಬರೆಯುತ್ತಿದ್ದ. ಮಾತ್ರೆ ನುಂಗಬೇಕಾದವಳಿಗೆ ಅದನ್ನು ಮೊದಲೇ ಹೇಳಿಡಬೇಕು ಎಂದು ಅವನಿಗೆ ಹೊಳೆದಿರಲಿಲ್ಲ.

ಎರಡನೇ ಸುತ್ತಿನಲ್ಲಿ ಅವನು ಕೇಳಿದ ರೀತಿ ನನಗೆ ಬಹಳ ಹಿಡಿಸಿತು. ‘ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕಮ್ಮಾ. ಮನೆಗೆ ಹೋಗಿ ನಿಮ್ಮ ಯಜಮಾನ್ರಿಗೆ ಏನಂತ ಹೇಳ್ತೀರಾ?’ ಪರೀಕ್ಷೆ ತನಗೇ ಎಂದ ಮೇಲೆ ಆಕೆಗೆ ಮುಜುಗರವಿಲ್ಲ. ‘ಕೆಮ್ಮು ನಿಂತ ಮೇಲೆ ಮಾತ್ರೆ ನಿಲ್ಲಿಸ್ಬಹುದು ಅಂತೀನಿ’ ಎಂದಳು. ಅಡಗಿದ್ದದ್ದು ಅಲ್ಲಿ ಸಿಕ್ಕಿತು. ಅವನು ಮತ್ತೆ ವಿವರಿಸಿದ, ಮತ್ತೆ ಹೇಳಿಸಿದ. ಆಮೇಲೆ ಆಕೆ ಮೂರನೇ ಭಾಗವನ್ನೂ ಬಿಟ್ಟುಕೊಟ್ಟಳು: ಅತ್ತೆ ತನ್ನ ತಟ್ಟೆ ಲೋಟ ಬೇರೆ ಇಡುತ್ತಾರೇನೋ, ತವರಿಗೆ ಕಳಿಸಿಬಿಡುತ್ತಾರೇನೋ ಎಂಬ ಭಯ. ಕ್ಷಯ ಗಾಳಿಯಿಂದ ಹರಡುವಂಥದ್ದು, ತಟ್ಟೆ ಲೋಟದಿಂದಲ್ಲ ಎಂದು ಅವನು ಹೇಳಿದಾಗ, ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಬರಲೇ ಎಂದು ಆಕೆ ಕೇಳಿದಳು. ಕಾರ್ಡಿನಲ್ಲಿ ಅದು ಇರಲಿಲ್ಲ. ಆ ಕ್ಷಣಕ್ಕೆ ಹುಟ್ಟಿದ ಮಾತು.

ಸೆಪ್ಟೆಂಬರ್

‘ಇಷ್ಟೆಲ್ಲ ಮಾತಾಡೋಕೆ ಓಪಿಡಿಯಲ್ಲಿ ಟೈಮ್ ಎಲ್ಲಿದೆ?’ ಎಂದು ಹೌಸ್ ಸರ್ಜನ್‌ಗಳು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಬಂದ ಅಧ್ಯಯನದ ಪ್ರಕಾರ ಒಬ್ಬ ರೋಗಿಗೆ ಸಿಗುವ ಸಮಯ ಸ್ವೀಡನ್‌ನಲ್ಲಿ 22.5 ನಿಮಿಷ, ಭಾರತದಲ್ಲಿ ಸುಮಾರು 2 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಇದನ್ನು ಮರೆತು ಪಾಠ ಹೇಳುವುದು ಅನ್ಯಾಯ. ಸಾಲು ಉದ್ದವಾಗಿರುವುದಕ್ಕೆ ಆ ಹುಡುಗ ಹುಡುಗಿಯರು ಹೊಣೆಯಲ್ಲ.

ಮೇಡಂ ಎರಡು ಅಧ್ಯಯನಗಳನ್ನು ಅವರ ಮುಂದಿಟ್ಟರು. 1984ರ ಅಮೆರಿಕದ ಅಧ್ಯಯನದಲ್ಲಿ ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ಅಡ್ಡ ಬಾಯಿ ಹಾಕಿದ್ದರು. ಅಡ್ಡ ಬಾಯಿ ಹಾಕದಿದ್ದರೆ ರೋಗಿ ಎಷ್ಟು ಹೊತ್ತು ಮಾತಾಡುತ್ತಾನೆ? 2002ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಅಳೆದಾಗ ಸಿಕ್ಕ ಸರಾಸರಿ 92 ಸೆಕೆಂಡು. 78% ರೋಗಿಗಳು ಎರಡು ನಿಮಿಷದೊಳಗೆ ತಾವಾಗಿಯೇ ನಿಲ್ಲಿಸಿದ್ದರು.

ಆದರೂ ನಮ್ಮ ಓಪಿಡಿಯಲ್ಲಿ ಇರುವುದೇ ಎರಡು ನಿಮಿಷ. ಹಾಗಾಗಿ ಸುತ್ತುಗಳನ್ನು ಎರಡು ಬಗೆ ಮಾಡಿದೆವು. ಒಂದರಲ್ಲಿ ಸಮಯದ ಮಿತಿಯಿಲ್ಲ. ಇನ್ನೊಂದರಲ್ಲಿ ಬಾಗಿಲ ಹೊರಗೆ ನಮ್ಮವರೇ ಸಾಲು ನಿಂತು ಗಲಾಟೆ ಮಾಡುತ್ತಾರೆ, ಒಬ್ಬರು ನಡುವೆ ಚೀಟಿ ಹಿಡಿದು ಒಳಗೇ ಬರುತ್ತಾರೆ. ಈ ಎರಡನೆಯದರಲ್ಲಿ ಉಳಿಸಿಕೊಳ್ಳಲೇಬೇಕಾದ್ದು ಎರಡೇ ಎಂದು ಒಪ್ಪಿದ್ದೇವೆ: ಮೊದಲ ಮಾತು ರೋಗಿಯದು, ಕೊನೆಗೆ ಔಷಧಿ ತಗೊಳ್ಳುವ ಬಗೆಯನ್ನು ರೋಗಿಯಿಂದಲೇ ಹೇಳಿಸುವುದು. ನಡುವಿನದೆಲ್ಲ ಅವರವರ ಅನುಕೂಲ.

ಅಕ್ಟೋಬರ್

ಕೆಟ್ಟ ಸುದ್ದಿ ಹೇಳುವ ಪಾತ್ರ ಮೊದಲ ಬಾರಿ ಮಾಡಿದೆವು. ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್. ಮಗ ಮೊದಲೇ ಬಂದು ಕೈಮುಗಿದು, ‘ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳಲ್ಲ’ ಅನ್ನುತ್ತಾನೆ. ಕ್ಯಾನ್ಸರ್ ವೈದ್ಯರು 2000ದಲ್ಲಿ ಪ್ರಕಟಿಸಿದ ‘ಸ್ಪೈಕ್ಸ್’ ಕ್ರಮವನ್ನು ಹೌಸ್ ಸರ್ಜನ್‌ಗಳು ಓದಿಕೊಂಡು ಬಂದಿದ್ದರು: ಕೂರುವ ಜಾಗ ಸರಿಮಾಡುವುದು, ರೋಗಿಗೆ ಎಷ್ಟು ಗೊತ್ತಿದೆ ಎಂದು ತಿಳಿಯುವುದು, ಎಷ್ಟು ತಿಳಿಯಲು ಇಷ್ಟ ಎಂದು ಕೇಳುವುದು, ಸ್ವಲ್ಪ ಸ್ವಲ್ಪವಾಗಿ ಹೇಳುವುದು, ಅವರ ದುಃಖಕ್ಕೆ ಸ್ಪಂದಿಸುವುದು, ಮುಂದಿನ ದಾರಿ ಮಾತಾಡುವುದು. ಆದರೆ ನಮ್ಮಲ್ಲಿ ಮಗನ ಬೇಡಿಕೆಯೇ ಮೊದಲು ಎದುರಾಗುತ್ತದೆ. ಒಬ್ಬಳು ಹುಡುಗಿ ಅವನಿಗೆ ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ‘ನಾನಾಗಿ ಹೇಳಲ್ಲ. ಆದ್ರೆ ಅವ್ರಾಗಿ ಕೇಳಿದ್ರೆ ಸುಳ್ಳು ಹೇಳೋಕಾಗಲ್ಲ. ಏನು ತಿಳ್ಕೋಬೇಕು ಅಂತ ಅವ್ರನ್ನೇ ಕೇಳೋಣ, ನೀವೂ ಜೊತೆಗಿರಿ’ ಎಂದಳು. ಮಗನ ಪಾತ್ರದವನು, ಕೈಹಿಡಿದು ನಡೆಸಿದಂತೆ ಆಯಿತು ಎಂದು ಆಮೇಲೆ ಹೇಳಿದ.

ಕ್ಯಾನ್ಸರ್ ಎಂಬ ಮಾತು ಬಿದ್ದ ಮೇಲೆ ಸುಮ್ಮನಿರುವುದು ಮಾತ್ರ ಬಹುತೇಕ ಯಾರಿಗೂ ಆಗಲಿಲ್ಲ. ಕೂಡಲೇ ಕೀಮೋ, ಸ್ಕ್ಯಾನ್ ಎಂದು ಶುರು ಮಾಡುತ್ತಾರೆ. ಆ ಹೊತ್ತಿನಲ್ಲಿ ಹೇಳಿದ್ದೊಂದೂ ತಲೆಗೆ ಹೋಗಲಿಲ್ಲ ಎಂದು ಅಪ್ಪನ ಪಾತ್ರದವರು ಪ್ರತಿಯೊಬ್ಬರಿಗೂ ಹೇಳಿದರು. ಇದಕ್ಕೆ ಇನ್ನಷ್ಟು ಸುತ್ತು ಬೇಕು.

ಮುಂದೆ

ಲಂಬಾಣಿ ತಾಂಡಾದಿಂದ ಬರುವ ತಾಯಿಯ ಪಾತ್ರ ಬರೆಯುತ್ತಿದ್ದೇವೆ. ಆಕೆಗೆ ಕನ್ನಡ ಅಷ್ಟಕ್ಕಷ್ಟೆ, ಶಾಲೆಗೆ ಹೋಗುವ ಮಗಳೇ ನಡುವೆ ನಿಂತು ಹೇಳಬೇಕು. ಮುಟ್ಟಿನ ತೊಂದರೆಯನ್ನು ಮಗಳ ಬಾಯಿಂದ ಕೇಳಿಸುವುದು ಸರಿಯೇ, ಬೇರೆ ಯಾರನ್ನು ಕರೆಯಬಹುದು ಎಂಬ ಚರ್ಚೆ ಮುಗಿದಿಲ್ಲ. ವಾರ್ಡಿನ ಸಿಸ್ಟರ್ ಒಬ್ಬರು ಕಾರ್ಡು ತಿದ್ದಿಕೊಡಲು ಒಪ್ಪಿದ್ದಾರೆ. ಲಂಬಾಣಿ ಮನೆಮಾತಿನ ಇಬ್ಬರು ಹೆಂಗಸರು, ಒಬ್ಬರು ನಲವತ್ತರ ಆಸುಪಾಸು, ಇನ್ನೊಬ್ಬಳು ಹದಿನೆಂಟು ತುಂಬಿದ್ದರೂ ಶಾಲೆಯ ಹುಡುಗಿಯಂತೆ ಕಾಣುವವಳು, ತಂಡಕ್ಕೆ ಬೇಕಾಗಿದ್ದಾರೆ. ನಾಟಕದ ಅನುಭವ ಬೇಕಿಲ್ಲ.